ಥೀಮ್ ಪಾರ್ಕ್‌ನಲ್ಲಿ ಮಾಸ್ಕ್: ಗೇಟಿನಲ್ಲಿ ಹಾಕಿದ್ದು ಒಳಗೂ ಉಳಿಯಬೇಕಾದರೆ

ಪ್ರಶ್ನೆ: ಹುಬ್ಬಳ್ಳಿ–ಹಾವೇರಿ ನಡುವೆ ಹೈವೇ ಪಕ್ಕದಲ್ಲಿ ನಮ್ಮದೊಂದು ಸಣ್ಣ ಥೀಮ್ ಪಾರ್ಕ್ ಇದೆ. ತೋಟ, ಹಳ್ಳಿ ಬದುಕಿನ ಗೊಂಬೆಗಳು, ಮಕ್ಕಳ ರೈಡ್‌ಗಳು, ಒಂದು ತ್ರೀಡಿ ಶೋ, ಪುಟ್ಟ ವಾಟರ್ ಪಾರ್ಕ್, ಕ್ಯಾಂಟೀನ್. ಕೋವಿಡ್ ಕಾಲದಲ್ಲಿ ಗೇಟಿನಲ್ಲಿ ಮಾಸ್ಕ್ ಹಾಕಿಕೊಂಡು ಬಂದವರು ಹತ್ತು ಹೆಜ್ಜೆ ದಾಟಿದ ಕೂಡಲೇ ತೆಗೆದು ಜೇಬಿಗೆ ಹಾಕುತ್ತಿದ್ದರು. ಕೇಳಿದರೆ ನಮ್ಮ ಹುಡುಗರ ಜೊತೆ ಜಗಳ. ಫ್ಲೆಕ್ಸ್ ಕಟ್ಟಿದೆವು, ಮೈಕಿನಲ್ಲಿ ಕೂಗಿದೆವು, ದಂಡ ಹಾಕ್ತೀವಿ ಅಂದೆವು. ಯಾವುದೂ ನಡೆಯಲಿಲ್ಲ. ಮತ್ತೆ ಅಂಥ ಕಾಲ ಬಂದರೆ ಯಾವ ನಿಯಮ ಇಡಬೇಕು? ಜನ ಅದನ್ನು ಪಾಲಿಸುವ ಹಾಗೆ ಮಾಡುವುದು ಹೇಗೆ?
— ಶಿಗ್ಗಾವಿ ತಾಲ್ಲೂಕಿನ ಒಬ್ಬ ಓದುಗರು

ಉತ್ತರ: ಮೊದಲು ನಿಮ್ಮಲ್ಲಿಗೆ ಬಂದ ಜನರ ಪರವಾಗಿ ಎರಡು ಮಾತು. ಗೇಟು ದಾಟಿ ಮಾಸ್ಕ್ ತೆಗೆದವರೆಲ್ಲ ಬೇಕಂತಲೇ ನಿಯಮ ಮುರಿದವರಲ್ಲ. ಅವರು ಬಂದಿದ್ದು ಫೋಟೊ ತೆಗೆಸಿಕೊಳ್ಳಲಿಕ್ಕೆ, ಏನಾದರೂ ತಿನ್ನಲಿಕ್ಕೆ, ಮಕ್ಕಳ ಜೊತೆ ನಕ್ಕು ಕೂಗಾಡಲಿಕ್ಕೆ. ಈ ಮೂರಕ್ಕೂ ಮಾಸ್ಕ್ ಅಡ್ಡ ಬರುತ್ತದೆ. ಮೇಲೆ ನಮ್ಮ ಕಡೆಯ ಬಿಸಿಲು. ಸುತ್ತ ಯಾರೂ ಇಲ್ಲದ ತೋಟದಲ್ಲಿ, ತನ್ನದೇ ಮನೆ ಮಂದಿಯ ಜೊತೆ ನಡೆಯುವಾಗಲೂ ಮಾಸ್ಕ್ ಬೇಕು ಅಂದರೆ ಯಾರಿಗಾದರೂ ‘ಇದ್ಯಾಕೆ?’ ಅನಿಸುತ್ತದೆ. ಒಮ್ಮೆ ಹಾಗೆ ಅನಿಸಿದ ಮೇಲೆ, ನಿಜವಾಗಿ ಬೇಕಾದ ಜಾಗದಲ್ಲೂ ಅವರು ಅದನ್ನು ಹಾಕುವುದಿಲ್ಲ. ನನ್ನ ಪ್ರಕಾರ ನಿಮ್ಮ ಪಾರ್ಕ್‌ನಲ್ಲಿ ಆಗಿದ್ದು ಇದೇ. ನಿಯಮ ತೀರಾ ಅಗಲವಾಗಿತ್ತು. ಅಗಲವಾದದ್ದಕ್ಕೇ ಎಲ್ಲ ಕಡೆಯೂ ತೆಳುವಾಯಿತು.

ಗಾಳಿಯಲ್ಲಿ ಹರಡುವ ಸೋಂಕು ಅಂದರೆ ಏನು ಎಂದು ನೆನಪಿಟ್ಟುಕೊಂಡರೆ ನಿಯಮವನ್ನು ಎಲ್ಲಿ ಬಿಗಿ ಮಾಡಬೇಕು ಎನ್ನುವುದು ತಾನೇ ಗೊತ್ತಾಗುತ್ತದೆ. ಮಾತಾಡುವಾಗ, ಕೂಗುವಾಗ, ಬರೀ ಉಸಿರು ಬಿಡುವಾಗಲೂ ನಮ್ಮಿಂದ ಸಣ್ಣ ಸಣ್ಣ ಕಣಗಳು ಹೊರಬೀಳುತ್ತವೆ. ಮುಚ್ಚಿದ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿದರೆ ಮನೆ ಮಂದಿಗೆಲ್ಲ ಕೆಮ್ಮು ಹತ್ತುತ್ತದೆ. ಅದನ್ನೇ ಹಿತ್ತಲಲ್ಲಿ ಒಲೆ ಹೂಡಿ ಹುರಿದರೆ ಒಲೆಯ ಮುಂದೆ ಕೂತವರಿಗೆ ಬಿಟ್ಟು ಬೇರೆಯವರಿಗೆ ಗೊತ್ತೂ ಆಗುವುದಿಲ್ಲ. ವೈರಾಣು ಹೊತ್ತ ಗಾಳಿಯೂ ಹೀಗೆಯೇ. ಬಯಲಿನಲ್ಲಿ ಚದುರಿ ಹೋಗುತ್ತದೆ. ಕೋಣೆಯಲ್ಲಿ ಉಳಿದುಕೊಳ್ಳುತ್ತದೆ. ಮುಖಕ್ಕೆ ಮುಖ ಹತ್ತಿರ ಇದ್ದರೆ ಬಯಲಿನಲ್ಲೂ ತಾಗುತ್ತದೆ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ನಿಮ್ಮ ಪಾರ್ಕ್‌ನ ನಕ್ಷೆ ಬರೆಯಿರಿ. ಕೆಂಪು ಪೆನ್ನು ಹಿಡಿದು ಗಾಳಿ ನಿಲ್ಲುವ ಜಾಗ, ಜನ ಒತ್ತಿ ನಿಲ್ಲುವ ಜಾಗ ಇವಷ್ಟನ್ನೇ ಗುರುತು ಮಾಡಿ. ತ್ರೀಡಿ ಶೋ ಹಾಲ್ ಮೊದಲನೆಯದು. ತಗಡಿನ ಕೆಳಗಿನ ಟಿಕೆಟ್ ಕ್ಯೂ. ಪೈಪ್ ಕಟ್ಟಿದ ರೈಡ್ ಸಾಲು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಕ್ಯಾಂಟೀನ್‌ನ ಕೌಂಟರ್. ಜನರನ್ನು ತುಂಬಿಕೊಂಡು ಹೋಗುವ ಗಾಡಿ ಏನಾದರೂ ಇದ್ದರೆ ಅದೂ ಸೇರಿತು. ಇಷ್ಟು ಕಡೆ ಮಾಸ್ಕ್ ವಿಷಯದಲ್ಲಿ ರಾಜಿ ಬೇಡ. ಉಳಿದ ತೋಟ, ಗೊಂಬೆಗಳ ಬಯಲು, ಹುಲ್ಲಿನ ಜಾಗ ಇಲ್ಲೆಲ್ಲ ಅಂತರ ಇದ್ದರೆ ಸಾಕು. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಥರದ ತೆರೆದ ಜಾಗಗಳಲ್ಲಿ ಜನ ನಡೆಯುತ್ತಾ ನೋಡುತ್ತಾ ಮುಂದೆ ಹೋಗುತ್ತಾರೆ. ಅಲ್ಲಿನ ಅಪಾಯವನ್ನೂ ಬಾಗಿಲು ಹಾಕಿದ ಶೋ ಹಾಲ್‌ನ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸರ್ಕಾರದ ಆದೇಶ ‘ಎಲ್ಲ ಕಡೆ ಮಾಸ್ಕ್ ಕಡ್ಡಾಯ’ ಅಂದರೆ ಅದನ್ನು ಪಾಲಿಸಲೇಬೇಕು. ಆ ಮಾತು ಬೇರೆ. 2020ರ ಅಕ್ಟೋಬರ್ 15ರಿಂದ ಮನರಂಜನಾ ಪಾರ್ಕ್‌ಗಳನ್ನು ತೆರೆಯಲು ಕೇಂದ್ರ ಅವಕಾಶ ಕೊಟ್ಟಾಗ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಲ್ಲಿ ಮಾಸ್ಕು, ಆರು ಅಡಿ ಅಂತರ, ಗೇಟಿನಲ್ಲಿ ಜ್ವರ ತಪಾಸಣೆ ಎಲ್ಲವೂ ಇದ್ದವು. ಅಂಥ ಆದೇಶ ಇರುವಾಗ ನೀವು ಬೋರ್ಡಿನಲ್ಲಿ ಅದನ್ನೇ ಬರೆಯಿರಿ. ಆದರೆ ನಿಮ್ಮ ಹುಡುಗರು ನಿಲ್ಲುವ ಜಾಗ ಮಾತ್ರ ಕೆಂಪು ಗುರುತಿನ ಜಾಗ ಆಗಿರಲಿ. ಇರುವ ನಾಲ್ಕು ಜನರನ್ನು ಇಡೀ ತೋಟದಲ್ಲಿ ಓಡಾಡಿಸಿದರೆ ಅವರಿಗೂ ಸುಸ್ತು, ಶೋ ಹಾಲ್‌ನ ಬಾಗಿಲಲ್ಲೂ ಯಾರೂ ಇರುವುದಿಲ್ಲ.

ಇನ್ನೊಂದು ಕೆಲಸ ಮಾಡಿ. ಮಾಸ್ಕ್ ತೆಗೆಯಲಿಕ್ಕೇ ಒಂದು ಜಾಗ ಕೊಡಿ. ಅಮೆರಿಕದ ಫ್ಲಾರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ 2020ರ ಜುಲೈ 11ರಿಂದ ಮತ್ತೆ ತೆರೆದಾಗ ಎರಡು ವರ್ಷ ಮೇಲ್ಪಟ್ಟ ಎಲ್ಲರಿಗೂ ಮಾಸ್ಕ್ ಕಡ್ಡಾಯ ಇತ್ತು. ಜೊತೆಗೆ ಅಲ್ಲಲ್ಲಿ ಕೂತು ಮಾಸ್ಕ್ ತೆಗೆದು ಉಸಿರಾಡುವ ಜಾಗಗಳನ್ನೂ ಮಾಡಿದ್ದರು. ಕೆಲವೇ ದಿನಗಳಲ್ಲಿ ಅವರಿಗೊಂದು ಸಂಗತಿ ಗೊತ್ತಾಯಿತು. ಜನ ಕೈಯಲ್ಲಿ ತಿಂಡಿಯನ್ನೋ ಜ್ಯೂಸನ್ನೋ ಹಿಡಿದುಕೊಂಡು ಇಡೀ ಪಾರ್ಕ್ ಸುತ್ತುತ್ತಿದ್ದರು. ಕೇಳಿದರೆ ‘ತಿಂತಾ ಇದ್ದೀನಿ’ ಅನ್ನುತ್ತಿದ್ದರು. ಆಗ ನಿಯಮಕ್ಕೆ ಒಂದು ಸಾಲು ಸೇರಿತು: ತಿನ್ನುವಾಗ, ಕುಡಿಯುವಾಗ ಒಂದು ಕಡೆ ನಿಂತಿರಬೇಕು. ನಡೆಯುತ್ತಾ ತಿನ್ನುವ ಹಾಗಿಲ್ಲ. ಕೆಲವು ರೈಡ್‌ಗಳಲ್ಲಿ ಕ್ಯಾಮೆರಾ ತಾನೇ ಫೋಟೊ ತೆಗೆಯುತ್ತದಲ್ಲ, ಮಾಸ್ಕ್ ಇಲ್ಲದವರು ಇದ್ದ ಫೋಟೊವನ್ನು ಕೊಡುವುದನ್ನೇ ನಿಲ್ಲಿಸಿದರು. ಕೂಗಾಟ ಇಲ್ಲ, ದಂಡ ಇಲ್ಲ. ಆದರೂ ಪರಿಣಾಮ ಇರುವ ಉಪಾಯ. ಜಪಾನ್‌ನಲ್ಲಿ ರೋಲರ್ ಕೋಸ್ಟರ್ ಮೇಲೆ ಕಿರುಚಬೇಡಿ ಎಂದು ಪಾರ್ಕ್‌ಗಳೇ ಕೇಳಿಕೊಂಡವು. ನಮ್ಮ ಹುಡುಗರಿಗೆ ಅದನ್ನು ಹೇಳಿ ಪ್ರಯೋಜನ ಇಲ್ಲ. ಕಿರುಚಲಿಕ್ಕೆಂದೇ ಅವರು ರೈಡ್ ಹತ್ತುವುದು.

ನಿಮ್ಮ ಪಾರ್ಕ್‌ನಲ್ಲಿ ಇದು ಹೀಗೆ ಆಗಬಹುದು. ಬೇವಿನ ಮರದ ಕೆಳಗೋ ಮಾವಿನ ಮರದ ಕೆಳಗೋ ದೂರ ದೂರ ನಾಲ್ಕೈದು ಕಟ್ಟೆ, ಕುಡಿಯುವ ನೀರು, ‘ಇಲ್ಲಿ ಮಾಸ್ಕ್ ತೆಗೆದು ಕೂರಬಹುದು’ ಎಂಬ ಬೋರ್ಡು. ಮಿರ್ಚಿ, ಗಿರ್ಮಿಟ್ ಎಲ್ಲ ಇಲ್ಲೇ ಕೂತು ತಿನ್ನಲಿ. ಕ್ಯಾಂಟೀನ್ ಒಳಗಿನ ಟೇಬಲ್‌ಗಳನ್ನು ಆ ಕಾಲದ ಮಟ್ಟಿಗೆ ಹೊರಗೆ ಹಾಕಿಬಿಡಿ. ಫೋಟೊಗೂ ಹಾಗೆಯೇ. ನೇಗಿಲು ಹಿಡಿದ ರೈತನ ಗೊಂಬೆ ಪಕ್ಕ ನಿಂತು ಮಾಸ್ಕ್ ಹಾಕಿಕೊಂಡೇ ಫೋಟೊ ತೆಗೆಸಿಕೊಳ್ಳಿ ಅಂದರೆ ಯಾರು ಕೇಳುತ್ತಾರೆ? ಅಲ್ಲೊಂದು ಸುಣ್ಣದ ಗೆರೆ ಹಾಕಿ. ಒಂದು ಮನೆಯವರು ಗೆರೆ ಒಳಗೆ, ಉಳಿದವರು ಆಚೆ. ಗೆರೆ ಒಳಗೆ ಮಾಸ್ಕ್ ತೆಗೆಯಬಹುದು. ತೆಗೆಯಲಿಕ್ಕೆ ಜಾಗ ಇದೆ ಎಂದು ಗೊತ್ತಿದ್ದವರು ಉಳಿದ ಕಡೆ ಹಾಕಿಕೊಳ್ಳಲು ಜಾಸ್ತಿ ತಕರಾರು ಮಾಡುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಜನ ಕೇಳುವ ಹಾಗೆ ಮಾಡುವುದು ಹೇಗೆ? ಇದಕ್ಕೆ ಬಾಂಗ್ಲಾದೇಶದಲ್ಲಿ ಒಳ್ಳೆಯ ಉತ್ತರ ಸಿಕ್ಕಿದೆ. 2020ರ ಕೊನೆಯಿಂದ 2021ರ ಏಪ್ರಿಲ್‌ವರೆಗೆ ಅಲ್ಲಿನ ಸುಮಾರು 600 ಹಳ್ಳಿಗಳಲ್ಲಿ, 3.4 ಲಕ್ಷದಷ್ಟು ವಯಸ್ಕರ ನಡುವೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಮನೆ ಮನೆಗೆ ಮಾಸ್ಕ್ ಪುಕ್ಕಟೆ ಕೊಟ್ಟರು. ಯಾಕೆ ಹಾಕಬೇಕು ಎಂದು ಸಣ್ಣದಾಗಿ ತಿಳಿಸಿದರು. ಊರಿನ ಹಿರಿಯರು, ಮಸೀದಿಯ ಇಮಾಮರು ತಾವೇ ಹಾಕಿಕೊಂಡು ತೋರಿಸಿದರು. ಸಂತೆ, ಅಂಗಡಿ ಹತ್ತಿರ ಮಾಸ್ಕ್ ಇಲ್ಲದೆ ಬಂದವರನ್ನು ಒಬ್ಬರು ನಿಲ್ಲಿಸಿ, ಮೆಲ್ಲಗೆ ನೆನಪಿಸಿ, ಇಲ್ಲದವರಿಗೆ ಅಲ್ಲೇ ಒಂದನ್ನು ಕೊಟ್ಟರು. ಸರಿಯಾಗಿ ಮಾಸ್ಕ್ ಹಾಕುವವರು 100ಕ್ಕೆ 13 ಇದ್ದದ್ದು 42ಕ್ಕೆ ಏರಿತು. ಮೊಬೈಲ್ ಮೆಸೇಜು, ‘ನಾನು ಹಾಕುತ್ತೇನೆ’ ಎಂದು ಮಾತು ತೆಗೆದುಕೊಳ್ಳುವುದು, ಬಹುಮಾನದ ಆಸೆ ಇವನ್ನೆಲ್ಲ ಸೇರಿಸಿಯೂ ನೋಡಿದರು. ಅವುಗಳಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಕೆಲಸ ಮಾಡಿದ್ದು ಎದುರಿಗೆ ನಿಂತು, ಮರ್ಯಾದೆಯಿಂದ, ಕೈಯಲ್ಲಿ ಮಾಸ್ಕ್ ಹಿಡಿದು ಮಾತಾಡಿದ ಮನುಷ್ಯ. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ 60 ದಾಟಿದವರಲ್ಲಿ ಲಕ್ಷಣ ಇರುವ ಸೋಂಕು ಸುಮಾರು ಮೂರನೇ ಒಂದು ಭಾಗ ಇಳಿಯಿತು. ಬಟ್ಟೆ ಮಾಸ್ಕ್ ಹಂಚಿದ ಕಡೆ ಅಷ್ಟು ಸ್ಪಷ್ಟ ಫಲ ಸಿಗಲಿಲ್ಲ.

ನಿಮ್ಮ ಫ್ಲೆಕ್ಸು, ಮೈಕು ಯಾಕೆ ಸೋತವು ಎನ್ನುವುದಕ್ಕೂ ಇದೇ ಉತ್ತರ. 2020ರಲ್ಲಿ ಯಾರಿಗೆ ಫೋನ್ ಹಚ್ಚಿದರೂ ಮೊದಲು ಕೆಮ್ಮಿನ ಸದ್ದು ಕೇಳುತ್ತಿತ್ತು, ನೆನಪಿದೆ ಅಲ್ವಾ? ಮೊದಲ ವಾರ ಕಿವಿಗೊಟ್ಟೆವು. ಆಮೇಲೆ ಅದು ಮುಗಿಯುವುದನ್ನೇ ಕಾಯುತ್ತಿದ್ದೆವು. ರೆಕಾರ್ಡ್ ಮಾಡಿದ ಧ್ವನಿ ಯಾರಿಗೂ ಹೇಳಿದ್ದಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ.

ಆದ್ದರಿಂದ ಶೋ ಹಾಲ್‌ನ ಬಾಗಿಲಲ್ಲಿ ಒಂದು ಸ್ಟೂಲ್, ಅದರ ಮೇಲೆ ಮಾಸ್ಕ್ ಡಬ್ಬಿ, ಪಕ್ಕದಲ್ಲಿ ಒಬ್ಬರು. ಆ ಒಬ್ಬರನ್ನು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಮೈಕಟ್ಟು ನೋಡಿ ಆರಿಸಬೇಡಿ. ಮಾತು ಬಲ್ಲವರನ್ನು ಆರಿಸಿ. ‘ಏ, ಮಾಸ್ಕ್ ಹಾಕೋ’ ಅಂದರೆ ಅಲ್ಲೇ ಜಗಳ ಶುರು. ‘ಯಜಮಾನ್ರ, ಒಳಗ ಗಾಳಿ ಆಡಂಗಿಲ್ರಿ, ಸ್ವಲ್ಪ ಮಾಸ್ಕ್ ಮ್ಯಾಲ ಏರಸ್ರಿ. ಇಲ್ಲಂದ್ರ ಇಲ್ಲೇ ಐತಿ, ತಗೋರಿ’ ಅಂದರೆ ನೂರಕ್ಕೆ ತೊಂಬತ್ತು ಮಂದಿ ಸುಮ್ನೆ ಹಾಕಿಕೊಳ್ಳುತ್ತಾರೆ. ಈ ಮಾತಿನಲ್ಲಿ ಮೂರು ಸಂಗತಿ ಸೇರಿವೆ ನೋಡಿ. ಮರ್ಯಾದೆ ಇದೆ. ಇಲ್ಲೇ ಯಾಕೆ ಬೇಕು ಎಂಬ ಕಾರಣ ಇದೆ. ‘ತಂದಿಲ್ಲ’ ಎನ್ನುವ ನೆಪಕ್ಕೆ ದಾರಿಯೇ ಇಲ್ಲ. ಹೆಣ್ಣುಮಕ್ಕಳು ಸೆರಗು ಮುಂದೆ ಹಿಡಿದು, ಹಿರಿಯರು ಶಲ್ಯವನ್ನೋ ದಸ್ತಿಯನ್ನೋ ಅಡ್ಡ ಹಿಡಿದು ‘ಆತಲ್ಲ?’ ಅನ್ನುತ್ತಾರೆ. ವಾದ ಬೇಡ. ‘ಅಕ್ಕಾರ, ಅದು ಒಳಗ ಜಾರತೈತ್ರಿ’ ಎಂದು ಒಂದು ಮಾಸ್ಕ್ ಕೈಗಿಡಿ. ಅಜ್ಜ ಒಪ್ಪದಿದ್ದರೆ ಮೊಮ್ಮಗಳಿಗೆ ಹೇಳಿ. ಅವಳು ಹಾಕಿಸುತ್ತಾಳೆ.

ಖರ್ಚಿನ ಲೆಕ್ಕ ನಿಮ್ಮ ತಲೆಗೆ ಬಂದೇ ಬಂದಿರುತ್ತದೆ. 2020ರ ಮಾರ್ಚ್‌ನಲ್ಲಿ ಮೂರು ಪದರದ ಸರ್ಜಿಕಲ್ ಮಾಸ್ಕ್‌ಗೆ ಕೇಂದ್ರ ಸರ್ಕಾರವೇ 10 ರೂಪಾಯಿ ಮಿತಿ ಹಾಕಬೇಕಾಯಿತು, ಅಷ್ಟು ಅಭಾವ ಇತ್ತು. ಆಮೇಲೆ ಡಬ್ಬಿ ಲೆಕ್ಕದಲ್ಲಿ ತೆಗೆದುಕೊಂಡರೆ ಒಂದಕ್ಕೆ ಎರಡು–ಮೂರು ರೂಪಾಯಿಗೆ ಬಂತು. ಒಂದು ಭಾನುವಾರ ಸಾವಿರ ಜನ ಬಂದು, ಅವರಲ್ಲಿ 300 ಮಂದಿಗೆ ನೀವು ಕೊಡಬೇಕಾಯಿತು ಅಂದುಕೊಳ್ಳಿ. ಮೂರು ರೂಪಾಯಿಯಂತೆ 900 ರೂಪಾಯಿ. ಒಂದು ಜಗಳದಿಂದ ಕೆಡುವ ಹೆಸರಿನ ಮುಂದೆ ಅದು ದೊಡ್ಡದಲ್ಲ. ಬೇಕಿದ್ದರೆ ಟಿಕೆಟ್‌ನಲ್ಲೇ ಸೇರಿಸಿ. ಆದರೆ ಬೇರೆಯಾಗಿ ಮಾರಬೇಡಿ. ಮಾರಲು ಹೋದರೆ ‘ದುಡ್ಡು ಮಾಡ್ಲಿಕ್ಕೆ ನಿಯಮ ಮಾಡ್ಯಾರ’ ಎನ್ನುವ ಮಾತು ಗೇಟಿನಿಂದ ಬಸ್ ಸ್ಟ್ಯಾಂಡ್‌ವರೆಗೆ ಹೋಗುತ್ತದೆ.

ದಂಡದ ಮಾತು ಬರೆದಿದ್ದೀರಿ. ಅದನ್ನು ಬಿಟ್ಟುಬಿಡಿ. ದಂಡ ಹಾಕುವ ಅಧಿಕಾರ ಸರ್ಕಾರ ನೇಮಿಸಿದ ಅಧಿಕಾರಿಗಳಿಗೆ, ಪೊಲೀಸರಿಗೆ ಇರುತ್ತದೆ. ಖಾಸಗಿ ಪಾರ್ಕ್‌ನ ಸೆಕ್ಯೂರಿಟಿಗೆ ಇಲ್ಲ. ಇಲ್ಲದ ಅಧಿಕಾರ ತೋರಿಸಿದರೆ ಜನ ಕೂಡಲೇ ಗುರುತಿಸುತ್ತಾರೆ. ಸರ್ಕಾರದ ದಂಡಕ್ಕೇ ಏನಾಯಿತು ನೋಡಿ. 2020ರಲ್ಲಿ ನಮ್ಮ ರಾಜ್ಯದಲ್ಲಿ ಮಾಸ್ಕ್ ಇಲ್ಲದಿದ್ದರೆ ನಗರಗಳಲ್ಲಿ 1000 ರೂಪಾಯಿ, ಹಳ್ಳಿಗಳಲ್ಲಿ 500 ರೂಪಾಯಿ ಎಂದು ಏರಿಸಿದರು. ಜನ ಸಿಟ್ಟಾದರು. ಅಕ್ಟೋಬರ್ ಮೊದಲ ವಾರದಲ್ಲೇ ಅದನ್ನು 250 ಮತ್ತು 100ಕ್ಕೆ ಇಳಿಸಬೇಕಾಯಿತು. ದಿನದ ಕೂಲಿಗಿಂತ ಜಾಸ್ತಿ ದಂಡ ಅಂದರೆ ಜನ ಮಾಸ್ಕ್ ಹಾಕುವುದಕ್ಕಿಂತ ಪೊಲೀಸರನ್ನು ತಪ್ಪಿಸುವುದನ್ನು ಕಲಿಯುತ್ತಾರೆ.

ನಿಮ್ಮ ಕೈಯಲ್ಲಿ ಬೇರೆ ಎರಡು ಅಧಿಕಾರ ಇವೆ. ಒಳಗೆ ಬಿಡದಿರುವುದು, ಹಣ ವಾಪಸ್ ಕೊಡುವುದು. ಇವೆರಡನ್ನೂ ಜೊತೆಯಾಗಿ ಬಳಸಿ. ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ಹೇಳಬೇಕು. ಟಿಕೆಟ್ ಹರಿದ ಮೇಲೆ ಹೇಳಿದರೆ ಅದು ಮೋಸ ಅನಿಸುತ್ತದೆ. ಶೋ ಹಾಲ್‌ನಲ್ಲಿ ಮಾಸ್ಕ್ ಹಾಕುವುದಿಲ್ಲ ಅಂದವರಿಗೆ ಶೋ ಟಿಕೆಟ್‌ನ ಹಣ ಅಲ್ಲೇ, ಆಗಲೇ, ಒಂದು ಮಾತೂ ಆಡದೆ ವಾಪಸ್. ತೋಟ ನೋಡಿಕೊಂಡು ಹೋಗಲಿ. ಈ ಹಣ ವಾಪಸ್ ಕೊಡುವ ಅಧಿಕಾರ ಬಾಗಿಲಲ್ಲಿ ನಿಂತ ಹುಡುಗನಿಗೇ ಇರಬೇಕು. ‘ಮ್ಯಾನೇಜರ್‌ನ ಕೇಳ್ರಿ’ ಎನ್ನುವ ಪರಿಸ್ಥಿತಿ ತಂದರೆ ಕ್ಯೂ ನಿಲ್ಲುತ್ತದೆ. ಕ್ಯೂ ನಿಂತರೆ ಹಿಂದಿನವರು ಕೂಗುತ್ತಾರೆ. ಕೊನೆಗೆ ಅವನು ಸೋತು ಒಳಗೆ ಬಿಡುತ್ತಾನೆ.

ಇಲ್ಲಿ ನಾನು ನಿಮ್ಮನ್ನು ಒತ್ತಿ ಕೇಳುವ ಮಾತೊಂದಿದೆ. ಜಗಳ ಆದಾಗ ನಿಮ್ಮ ಸಿಬ್ಬಂದಿಯ ಹಿಂದೆ ನೀವು ನಿಲ್ಲುತ್ತೀರಾ? ಪರಿಚಯದ ದೊಡ್ಡವರ ಕಾರು ಬಂದಾಗ ‘ಹೋಗ್ಲಿ ಬಿಡೋ’ ಎಂದು ನೀವೇ ಕೈಬೀಸಿದರೆ ಆ ದಿನಕ್ಕೇ ನಿಯಮ ಮುಗಿಯಿತು. ಸಾಲಿನಲ್ಲಿ ನಿಂತವರೆಲ್ಲ ಅದನ್ನು ನೋಡಿರುತ್ತಾರೆ. ತಿಂಗಳಿಗೆ ಹತ್ತು–ಹನ್ನೆರಡು ಸಾವಿರ ಸಂಬಳದ ಹುಡುಗ ಪಂಚಾಯಿತಿ ಸದಸ್ಯರನ್ನು ತಡೆಯಬೇಕು ಅಂದರೆ ಮಾಲೀಕರ ಬೆಂಬಲ ಅವನಿಗೆ ಮೊದಲೇ, ಎಲ್ಲರ ಎದುರಿಗೇ ಸಿಕ್ಕಿರಬೇಕು. ಮತ್ತೆ ಅವನ ಮುಖವನ್ನೂ ನೋಡಿ. ಏಪ್ರಿಲ್ ಬಿಸಿಲಿನಲ್ಲಿ ಎಂಟು ತಾಸು ಒಂದೇ ಮಾಸ್ಕ್ ಹಾಕಿಕೊಂಡರೆ ಅದು ಬೆವರಿನಲ್ಲಿ ನೆನೆದು ಮೂಗಿಗೆ ಅಂಟುತ್ತದೆ. ಅವನು ಅದನ್ನು ಗದ್ದಕ್ಕೆ ಇಳಿಸುತ್ತಾನೆ, ಇಳಿಸದೆ ಏನು ಮಾಡಿಯಾನು? ಟಿಕೆಟ್ ಕೊಡುವವನ ಮಾಸ್ಕ್ ಗದ್ದದ ಮೇಲಿದ್ದರೆ ಟಿಕೆಟ್ ತೆಗೆದುಕೊಂಡವನ ಮಾಸ್ಕ್ ಜೇಬಿಗೇ ಹೋಗುವುದು. ದಿನಕ್ಕೆ ಮೂರು ಮಾಸ್ಕ್ ಕೊಡಿ, ಎರಡು ತಾಸಿಗೊಮ್ಮೆ ನೆರಳಲ್ಲಿ ಹತ್ತು ನಿಮಿಷ ಬಿಡಿ.

ಮಕ್ಕಳ ವಿಷಯ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾಸ್ಕ್ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2020ರಲ್ಲೇ ಹೇಳಿತು. ನಮ್ಮ ಆರೋಗ್ಯ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಆರರಿಂದ ಹನ್ನೊಂದು ವರ್ಷದವರು ಸರಿಯಾಗಿ ಹಾಕಿಕೊಳ್ಳಬಲ್ಲರಾದರೆ, ದೊಡ್ಡವರ ಕಣ್ಣೆದುರಿಗೆ ಹಾಕಬಹುದು. ಎರಡು ವರ್ಷದ ಕೂಸಿಗೆ ಮಾಸ್ಕ್ ಕಟ್ಟಿಸಲು ಗೇಟಿನಲ್ಲಿ ತಾಯಿಯ ಜೊತೆ ವಾದ ಮಾಡಿದರೆ ಯಾರಿಗೂ ಉಪಯೋಗ ಇಲ್ಲ. ಉಬ್ಬಸ ಇರುವವರು ‘ಆಗೂದಿಲ್ಲ’ ಅಂದರೆ ಡಾಕ್ಟರ್ ಚೀಟಿ ಕೇಳಬೇಡಿ. ಬಯಲಿನಲ್ಲಿ ಓಡಾಡಲಿ. ಮುಚ್ಚಿದ ಹಾಲ್ ಮಾತ್ರ ಅವರಿಗೂ ಬೇಡ, ಸೋಂಕು ತಾಗಿದರೆ ಜಾಸ್ತಿ ಕಷ್ಟ ಅವರಿಗೇ.

ನೀರಿನಲ್ಲಿ ಮಾಸ್ಕ್ ಹಾಕಿಸಲೇಬಾರದು. ನೆನೆದ ಮಾಸ್ಕ್ ಮೂಗಿಗೆ ಅಂಟಿದರೆ ಉಸಿರು ಕಟ್ಟುತ್ತದೆ. ಕ್ಲೋರಿನ್ ಸರಿಯಾಗಿರುವ ನೀರಿನಿಂದ ಕೋವಿಡ್ ಥರದ ಸೋಂಕು ಹರಡುವ ಭಯ ಇಲ್ಲ. ಭಯ ಇರುವುದು ಒಂದೇ ಕೊಳದಲ್ಲಿ ತಲೆಗೆ ತಲೆ ತಾಗುವಷ್ಟು ಜನ ಇಳಿದಾಗ, ಮತ್ತೆ ಅವರೆಲ್ಲ ಒಂದೇ ಸಣ್ಣ ಕೋಣೆಯಲ್ಲಿ ಬಟ್ಟೆ ಬದಲಿಸುವಾಗ. ಹಾಗಾಗಿ ವಾಟರ್ ಪಾರ್ಕ್‌ಗೆ ಮಾಸ್ಕ್ ನಿಯಮಕ್ಕಿಂತ ತಲೆ ಎಣಿಸುವ ನಿಯಮ ಮುಖ್ಯ. ಬಟ್ಟೆ ಕೋಣೆಯ ಮೇಲ್ಭಾಗದಲ್ಲಿ ಜಾಲರಿ ಕಿಟಕಿ ಮಾಡಿಸಿ, ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಇದು ಈಗಲೇ ಮಾಡುವ ಕೆಲಸ. ಸಾಂಕ್ರಾಮಿಕ ಬರಲಿ ಬಿಡಲಿ, ಉಪಯೋಗಕ್ಕೆ ಬರುತ್ತದೆ.

ಶೋ ಹಾಲ್‌ಗೂ ಅದೇ ಮಾತು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ. ಒಂದು ಶೋ ಮುಗಿದ ಮೇಲೆ ಎರಡೂ ಬಾಗಿಲು ತೆರೆದು ಕಾಲು ತಾಸು ಫ್ಯಾನ್ ಓಡಿಸಿ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ ಅದು 420ರ ಆಸುಪಾಸು ತೋರಿಸುತ್ತದೆ. ಜನ ತುಂಬಿದ ಹಾಲ್‌ನಲ್ಲಿ 1000 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದೇ ಲೆಕ್ಕ. ಮೀಟರನ್ನು ಎಲ್ಲರಿಗೂ ಕಾಣುವ ಹಾಗೆ ಬಾಗಿಲಲ್ಲೇ ಇಡಿ. ನಿಮ್ಮ ಹುಡುಗ ಅದನ್ನು ತೋರಿಸಿ ಮಾತಾಡಬಹುದು.

ಇನ್ನು ಏನು ಬೇಡ ಎನ್ನುವುದು. ಔಷಧಿ ನೀರು ಸಿಂಪಡಿಸುವ ಸುರಂಗ ಬೇಡವೇ ಬೇಡ. ಜನರ ಮೈಮೇಲೆ ಸೋಂಕುನಾಶಕ ಸಿಂಪಡಿಸಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿದ್ದರೂ ಎಷ್ಟೋ ಕಡೆ ಅದು ನಡೆಯುತ್ತಲೇ ಇತ್ತು. ಕಣ್ಣು ಉರಿಯುತ್ತದೆ, ಚರ್ಮ ಕೆರೆಯುತ್ತದೆ, ಒಳಗಿನ ವೈರಾಣುವಿಗೆ ಏನೂ ಆಗುವುದಿಲ್ಲ. ಹಣೆಗೆ ಹಿಡಿಯುವ ಜ್ವರದ ಗನ್ ಆದೇಶದಲ್ಲಿದ್ದರೆ ಇಟ್ಟುಕೊಳ್ಳಿ. ಆದರೆ ಲಕ್ಷಣ ಇಲ್ಲದೆಯೇ ಸೋಂಕು ಹರಡುವವರನ್ನು ಅದು ಹಿಡಿಯುವುದಿಲ್ಲ. ಹೊರಗೆ ಬಿಸಿಲಲ್ಲಿ ನಿಂತು ಬಂದವರಿಗೆ ಸುಮ್ಮನೆ ಜ್ವರ ತೋರಿಸುವುದೂ ಉಂಟು. ನೆರಳಲ್ಲಿ ಐದು ನಿಮಿಷ ಕೂರಿಸಿ ಮತ್ತೊಮ್ಮೆ ನೋಡಿ.

ಶಾಲಾ ಪ್ರವಾಸದ ಬಗ್ಗೆ ನೀವು ಕೇಳಿಲ್ಲ. ಆದರೆ ಡಿಸೆಂಬರ್–ಜನವರಿಯಲ್ಲಿ ನಿಮ್ಮ ದೊಡ್ಡ ಜನಸಂದಣಿ ಅದೇ ಇರಬೇಕು. ಒಂದು ಬಸ್ಸಿನ ಮಕ್ಕಳು ಮೂರು–ನಾಲ್ಕು ತಾಸು ಕಿಟಕಿ ಮುಚ್ಚಿಕೊಂಡು ಹಾಡು ಹೇಳುತ್ತಾ ಬಂದಿರುತ್ತಾರೆ. ಆ ಐವತ್ತು ಮಕ್ಕಳನ್ನು ನೀವು ಒಳಗೆ ಬೇರೆ ಬೇರೆ ಮಾಡಿ ಲಾಭ ಇಲ್ಲ. ಅವರನ್ನು ಒಂದೇ ಗುಂಪು ಎಂದು ಹಿಡಿಯಿರಿ. ಎರಡು ಶಾಲೆಗಳ ಮಕ್ಕಳನ್ನು ಒಂದೇ ಶೋಗೆ ಸೇರಿಸಬೇಡಿ. ಬುಕಿಂಗ್ ಫೋನ್ ಬಂದಾಗಲೇ ಹೆಡ್‌ಮಾಸ್ಟರರಿಗೆ ಇದನ್ನು ಹೇಳಿ, ಸಮಯ ಹಂಚಿಕೊಡಿ. ಶಿಕ್ಷಕರು ಜೊತೆಗಿದ್ದರೆ ಮಾಸ್ಕ್ ವಿಷಯದಲ್ಲಿ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಮಾತು ಕೇಳುತ್ತಾರೆ.

ಮುಂದಿನ ಸಲಕ್ಕೆಂದು ಈಗಲೇ ಸಾವಿರಾರು ಮಾಸ್ಕ್ ಕೊಂಡು ತುಂಬಿಡಬೇಡಿ. ತಗಡಿನ ಕೋಣೆಯ ಬಿಸಿಗೆ ಕಿವಿಯ ಎಲಾಸ್ಟಿಕ್ ಸಡಿಲವಾಗಿ ಹರಿಯುತ್ತದೆ. ಮೊದಲ ಎರಡು ವಾರಕ್ಕೆ ಸಿಬ್ಬಂದಿಗೆ ಸಾಕಾಗುವಷ್ಟನ್ನು ತಂಪಾದ ಕಪಾಟಿನಲ್ಲಿ ಇಟ್ಟು, ಡಬ್ಬಿಯ ಮೇಲಿನ ತಾರೀಖು ನೋಡಿ ಬದಲಿಸುತ್ತಾ ಇರಿ. ಬಳಸಿದ ಮಾಸ್ಕ್‌ಗೆ ಮುಚ್ಚಳ ಇರುವ ಬೇರೆ ಬುಟ್ಟಿ ಬೇಕು. ಕೋವಿಡ್ ಕಾಲದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದ್ದು, ಪೇಪರ್ ಚೀಲದಲ್ಲಿ 72 ತಾಸು ಇಟ್ಟು, ಕತ್ತರಿಸಿ, ಆಮೇಲೆ ಕಸಕ್ಕೆ ಹಾಕಬೇಕು ಎಂದು. ಕತ್ತರಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅವನ್ನೇ ತೊಳೆದು ಮತ್ತೆ ಮಾರುವವರ ಕೈಗೆ ಹೋಗಬಹುದು. ನಕ್ಷೆ ಬರೆದು ಕೆಂಪು ಗುರುತು ಹಾಕಿದ ಮೇಲೆ ಅದರ ಒಂದು ಪ್ರತಿಯನ್ನು ನಿಮ್ಮ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ತೋರಿಸಿ, ಅವರ ಸಲಹೆಯನ್ನು ಅದರ ಮೇಲೆಯೇ ಬರೆಸಿಕೊಂಡು ಬನ್ನಿ. ಆದೇಶ ಬಂದ ದಿನ ಓಡಾಡುವ ಬದಲು ಅದೇ ಹಾಳೆಯಿಂದ ಕೆಲಸ ಶುರು ಮಾಡಬಹುದು.